ತಜ್ಞರ ಉತ್ತರ: ಪೈನ್ ಬ್ಯಾರೆನ್ಸ್‌ನ ಕ್ಯಾಬಿನ್‌ಗೆ ಹೊರಡುವ ಮುನ್ನ ಮರಳಿನ ಲೆಕ್ಕ ಹಾಕಿ

ಪ್ರಶ್ನೆ: ನಾವು ಉತ್ತರ ನ್ಯೂಜೆರ್ಸಿಯಲ್ಲಿದ್ದೇವೆ. ಮನೆಯಲ್ಲಿ ಐದು ಜನ: ನಾವಿಬ್ಬರು, 11 ಮತ್ತು 6 ವರ್ಷದ ಮಕ್ಕಳು, 68 ವರ್ಷದ ಅತ್ತೆ. ಡೇರೆಯಲ್ಲಿ ಮಲಗುವಷ್ಟು ಧೈರ್ಯವಿಲ್ಲ. ಆದರೆ ದಕ್ಷಿಣದ ಪೈನ್ ಬ್ಯಾರೆನ್ಸ್ ಕಾಡಿನೊಳಗಿನ ಕ್ಯಾಬಿನ್‌ನಲ್ಲಿ ಎರಡು ರಾತ್ರಿ ಕಳೆಯುವ ಆಸೆ ಇದೆ. ಯಾವ ತಿಂಗಳು ಹೋಗುವುದು, ಯಾವ ಕಾಡಿಗೆ ಹೋಗುವುದು? ನಮ್ಮ ಸಾಮಾನ್ಯ ಸೆಡಾನ್ ಕಾರು ಸಾಕೇ? ಹಾವು, ಕರಡಿ, ಕಾಳ್ಗಿಚ್ಚು ಎಂದು ಅತ್ತೆ ಹಿಂಜರಿಯುತ್ತಿದ್ದಾರೆ. ಏನು ಹೇಳಲಿ?

ಉತ್ತರ: ನಿಮ್ಮ ಅತ್ತೆಯವರು ಹೇಳಿದ ಮೂರರಲ್ಲಿ ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಬೆಂಕಿ ಒಂದೇ. ಹಾವು, ಕರಡಿಗಳ ಮಾತು ಆಮೇಲೆ. ಅವರು ಹೇಳದೇ ಬಿಟ್ಟ ಎರಡು ಸಂಗತಿಗಳು, ಉಣುಗು (ರಕ್ತ ಹೀರುವ ಸಣ್ಣ ಜೀವಿ, ಇಂಗ್ಲಿಷಿನ ಟಿಕ್) ಮತ್ತು ರಾತ್ರಿಯ ಚಳಿ, ಹಾವಿಗಿಂತ ಎಷ್ಟೋ ಹೆಚ್ಚು ಕಾಡುತ್ತವೆ. ಸಾಮಾನ್ಯವಾಗಿ ಜನ ಮೊದಲು ಕ್ಯಾಬಿನ್‌ನ ಚಿತ್ರ ನೋಡಿ ಮನಸೋಲುತ್ತಾರೆ, ಆಮೇಲೆ ದಿನಾಂಕ ಹುಡುಕುತ್ತಾರೆ, ಕಾಡು ಎಂಥದ್ದು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ. ಈ ಕಾಡಿನ ಮಟ್ಟಿಗೆ ಆ ಕ್ರಮ ತಿರುವುಮುರುವಾಗಬೇಕು. ಉಣುಗನ್ನು ಬಿಟ್ಟರೆ ನೀವು ಕೇಳಿದ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳ ಬೇರು ಕಾಲಡಿಯ ಮರಳಿನಲ್ಲಿದೆ.

ಪೈನ್ ಬ್ಯಾರೆನ್ಸ್ ಸಣ್ಣ ಕಾಡಲ್ಲ. 1978ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ದೇಶದ ಮೊದಲ 'ರಾಷ್ಟ್ರೀಯ ಮೀಸಲು ಪ್ರದೇಶ'ವಾಗಿ ಘೋಷಿಸಿತು. ಸುಮಾರು 11 ಲಕ್ಷ ಎಕರೆ, ಅಂದರೆ ನ್ಯೂಜೆರ್ಸಿಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲ ಇದರ ವ್ಯಾಪ್ತಿಯಲ್ಲಿದೆ. ನೆಲವೆಲ್ಲ ಮರಳು. ಬಿದ್ದ ಮಳೆ ಮೇಲೆ ನಿಲ್ಲದೆ ನೇರವಾಗಿ ಕೆಳಗಿಳಿದು ಕರ್ಕ್‌ವುಡ್-ಕೊಹಾನ್ಸಿ ಎಂಬ ಭೂಜಲದ ಪದರವನ್ನು ಸೇರುತ್ತದೆ. ಅಲ್ಲಿ ಸುಮಾರು 17 ಲಕ್ಷ ಕೋಟಿ ಗ್ಯಾಲನ್ ನೀರಿದೆ ಎಂಬುದು ಅಂದಾಜು. ಫಿಲಡೆಲ್ಫಿಯಾದ ಉದ್ಯಮಿ ಜೋಸೆಫ್ ವಾರ್ಟನ್ 1870ರ ದಶಕದಿಂದ ಇಲ್ಲಿ ಜಮೀನು ಕೊಳ್ಳುತ್ತಾ ಹೋದದ್ದೇ ಈ ನೀರನ್ನು ತನ್ನ ನಗರಕ್ಕೆ ಒಯ್ಯುವ ಯೋಚನೆಯಿಂದ. ನೀರು ರಾಜ್ಯದ ಗಡಿ ದಾಟಬಾರದೆಂದು ನ್ಯೂಜೆರ್ಸಿ ಅಡ್ಡಗಾಲು ಹಾಕಿತು. ಆತನ ಯೋಜನೆ ಮುಳುಗಿತು, ಜಮೀನು ಉಳಿಯಿತು. 1950ರ ದಶಕದ ಮಧ್ಯದಲ್ಲಿ ರಾಜ್ಯ ಸರ್ಕಾರ ಅದನ್ನು ಕೊಂಡಿತು. ನೀವು ಹೋಗಬೇಕೆಂದು ನಾನು ಹೇಳಲಿರುವ ಕಾಡು ಅದೇ.

ಪ್ರವಾಸಿಗೆ ಇದರ ಅರ್ಥ ಸರಳ. ಕೆಳಗೆ ಸಮುದ್ರದಷ್ಟು ನೀರಿದ್ದರೂ ಮೇಲಿನ ನೆಲ ಬೇಗ ಒಣಗುತ್ತದೆ. ಹಿಂದಿನ ದಿನ ಜೋರಾಗಿ ಮಳೆ ಸುರಿದಿದ್ದರೂ, ಮರುದಿನ ಬಿಸಿಲು ಬಿದ್ದು ಗಾಳಿ ಬೀಸಿದರೆ, ಪೈನ್ ಸೂಜಿಗಳ ತರಗು ಕಡ್ಡಿ ಗೀರಿದರೆ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. 'ಮೊನ್ನೆ ತಾನೇ ಮಳೆಯಾಯಿತಲ್ಲ' ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಈಗ ತಿಂಗಳು. ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಯಾವುದಾದರೂ ವಾರಾಂತ್ಯ. ಸೊಳ್ಳೆಯ ಕಾಟ ಇಳಿದಿರುತ್ತದೆ, ಹಗಲು ನಡೆಯಲು ಹಿತವಾಗಿರುತ್ತದೆ, ಕ್ರ್ಯಾನ್‌ಬೆರಿ ಕೊಯ್ಲು ನಡೆಯುತ್ತಿರುತ್ತದೆ. ಕಳೆದುಕೊಳ್ಳುವುದು ಈಜು. ಸ್ಟೇಟ್ ಪಾರ್ಕಿನ ಕೆರೆಗಳಲ್ಲಿ ಜೀವರಕ್ಷಕರು ಇರುವಾಗ, ಗುರುತಿಸಿದ ಜಾಗದಲ್ಲಿ ಮಾತ್ರ ನೀರಿಗಿಳಿಯಲು ಬಿಡುತ್ತಾರೆ. ಜೀವರಕ್ಷಕರು ಇರುವುದು ಬೇಸಿಗೆಯಲ್ಲಿ, ಸರಿಸುಮಾರು ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇವರೆಗೆ. ಮಕ್ಕಳು ಈಜಲೇಬೇಕೆಂದು ಹಟ ಹಿಡಿದರೆ ಜೂನ್ ಕೊನೆಯ ವಾರ ಆರಿಸಿಕೊಳ್ಳಿ. ಶಾಲೆಗೆ ರಜೆ ಬಂದಿರುತ್ತದೆ, ಕಾಡು ಬ್ಲೂಬೆರಿ ಹಣ್ಣಾಗಲು ಶುರುವಾಗಿರುತ್ತದೆ. ಅದರ ಜೊತೆಗೆ ಸೆಕೆ, ಸೊಳ್ಳೆ, ಉಣುಗು ಮೂರನ್ನೂ ಒಪ್ಪಿಕೊಳ್ಳಬೇಕು. ಜುಲೈನಲ್ಲಿ ಕರಾವಳಿಯ ಉಪ್ಪುಜೌಗಿನ ಕಡೆಗೆ ಹೋದರೆ ಹಸಿರು ತಲೆಯ ಕಚ್ಚುನೊಣಗಳೂ ಇರುತ್ತವೆ. ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಅವಧಿ ನನ್ನ ಪಟ್ಟಿಯಲ್ಲಿಲ್ಲ. ಮರಗಳಿಗೆ ಇನ್ನೂ ಹೊಸ ಎಲೆ ಬಂದಿರುವುದಿಲ್ಲ, ಗಾಳಿ ಜೋರು, ಬಿಸಿಲು ನೇರವಾಗಿ ತರಗಿನ ಮೇಲೆ ಬೀಳುತ್ತದೆ. ವರ್ಷದ ದೊಡ್ಡ ಕಾಳ್ಗಿಚ್ಚಿನ ಕಾಲ ಅದೇ. 1963ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಈ ಪ್ರದೇಶದ 1.8 ಲಕ್ಷ ಎಕರೆಗೂ ಹೆಚ್ಚು ಕಾಡು ಸುಟ್ಟು ಏಳು ಜನ ಸತ್ತರು. 2025ರ ಏಪ್ರಿಲ್‌ನ ಜೋನ್ಸ್ ರೋಡ್ ಬೆಂಕಿ 15,000 ಎಕರೆ ದಾಟಿತು, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಯ ಒಂದು ಭಾಗವನ್ನೇ ಮುಚ್ಚಬೇಕಾಯಿತು.

ಹಾಗೆಂದು ಶರತ್ಕಾಲಕ್ಕೆ ಪೂರ್ತಿ ವಿನಾಯಿತಿ ಇದೆ ಎಂದುಕೊಳ್ಳಬೇಡಿ. 2024ರ ಶರತ್ಕಾಲದಲ್ಲಿ ಮಳೆ ಕೈಕೊಟ್ಟು, ರಾಜ್ಯದಾದ್ಯಂತ ಬಯಲಿನಲ್ಲಿ ಕಟ್ಟಿಗೆ, ಇದ್ದಿಲಿನ ಬೆಂಕಿ ಹೊತ್ತಿಸದಂತೆ ನಿಷೇಧ ಬಂದಿತ್ತು. ಆದ್ದರಿಂದ ಶಿಬಿರಾಗ್ನಿಯೇ ಪ್ರವಾಸದ ತಿರುಳು ಎಂದು ಮಕ್ಕಳಿಗೆ ಮೊದಲೇ ಮಾತು ಕೊಡಬೇಡಿ.

ರಾತ್ರಿಯ ಚಳಿಯ ವಿಷಯಕ್ಕೆ ಬರೋಣ, ಏಕೆಂದರೆ ಕ್ಯಾಬಿನ್‌ಗೆ ಹೋಗುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಣ ಮರಳು ಹಗಲಿನ ಬಿಸಿಯನ್ನು ಆಳಕ್ಕೆ ಇಳಿಸಿ ಇಟ್ಟುಕೊಳ್ಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಸೂರ್ಯ ಮುಳುಗಿದ ಕೂಡಲೇ ನೆಲ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ಸುತ್ತಲಿನ ನಗರಗಳಿಗಿಂತ ಕಾಡಿನೊಳಗೆ ಹಲವು ಡಿಗ್ರಿ ಹೆಚ್ಚು ತಣ್ಣಗಿರುತ್ತದೆ. ಕ್ರ್ಯಾನ್‌ಬೆರಿ ಬೆಳೆಗಾರರು ವಸಂತದ ಕೊನೆಯವರೆಗೂ ಇಬ್ಬನಿ ಹೆಪ್ಪುಗಟ್ಟೀತೆಂದು ರಾತ್ರಿ ಎದ್ದು ಕಾಯುವುದು ಇದೇ ಕಾರಣಕ್ಕೆ. ಫಿಲಡೆಲ್ಫಿಯಾ ಅಥವಾ ಅಟ್ಲಾಂಟಿಕ್ ಸಿಟಿಯ ಹವಾಮಾನ ಮುನ್ಸೂಚನೆ ನೋಡಿ ಬಟ್ಟೆ ಕಟ್ಟಬೇಡಿ. ಅಲ್ಲಿ ಹೇಳಿದ ಕನಿಷ್ಠ ತಾಪಮಾನಕ್ಕಿಂತ ಒಂದು ಮಟ್ಟ ಹೆಚ್ಚಿನ ಚಳಿಗೆ ಸಿದ್ಧರಾಗಿರಿ. ಅಕ್ಟೋಬರ್ ಎಂದರೆ ಟೋಪಿ, ಕಾಲುಚೀಲ, ಒಬ್ಬೊಬ್ಬರಿಗೂ ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಕು. ಕ್ಯಾಬಿನ್‌ನಲ್ಲಿ ಕಟ್ಟಿಗೆಯ ಒಲೆಯಿದ್ದರೂ ಬೆಳಗಿನ ನಾಲ್ಕರ ಹೊತ್ತಿಗೆ ಅದು ಆರಿರುತ್ತದೆ, ಎದ್ದು ಮತ್ತೆ ಉರಿಸಲು ಯಾರಿಗೂ ಮನಸ್ಸಾಗುವುದಿಲ್ಲ.

ಯಾವ ಕಾಡು? ವಾರ್ಟನ್ ಸ್ಟೇಟ್ ಫಾರೆಸ್ಟ್‌ನ ಆಟ್ಸಿಯಾನ್ ಕೆರೆಯ ದಂಡೆಯ ಕ್ಯಾಬಿನ್‌ಗಳು ನಿಮಗೆ ಮೊದಲ ಆಯ್ಕೆ. ಯು.ಎಸ್. 206 ಹೆದ್ದಾರಿಗೆ ಅಂಟಿಕೊಂಡ ಜಾಗ, ಎದುರಿಗೇ ನೀರು, ನಡೆಯಲು ಸಮತಟ್ಟು. ಹಿರಿಯರಿದ್ದಾಗ ಹೆದ್ದಾರಿ ಹತ್ತಿರವಿರುವುದು ದೊಡ್ಡ ಅನುಕೂಲ. ಕಾಡಿನ ನಡುವೆ ಇದ್ದೇವೆ ಎಂಬ ಭಾವನೆಗೆ ಅದರಿಂದ ಸ್ವಲ್ಪ ಕುಂದುಂಟಾಗುತ್ತದೆ, ರಾತ್ರಿ ಟ್ರಕ್ಕಿನ ಸದ್ದು ಕೇಳೀತು, ಇರಲಿ. ಅಲ್ಲಿ ಸಿಗದಿದ್ದರೆ ಬಾಸ್ ರಿವರ್ ಸ್ಟೇಟ್ ಫಾರೆಸ್ಟ್. 1905ರಲ್ಲಿ ಕೊಂಡ ಇದು ನ್ಯೂಜೆರ್ಸಿಯ ಮೊದಲ ಸ್ಟೇಟ್ ಫಾರೆಸ್ಟ್. ಅಲ್ಲಿನ ಆಬ್ಸೆಗಾಮಿ ಕೆರೆಯನ್ನು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರ ಸರ್ಕಾರಿ ದಳವೊಂದು ಕಟ್ಟಿತು. ಪಾರ್ಕ್‌ವೇಗೆ ಹತ್ತಿರ, ಒಂದು ಮಧ್ಯಾಹ್ನ ಸಮುದ್ರದ ಕಡೆಗೂ ಹೋಗಿಬರಬಹುದು. ಮೂರನೆಯದು ಬ್ರೆಂಡನ್ ಟಿ. ಬರ್ನ್ ಸ್ಟೇಟ್ ಫಾರೆಸ್ಟ್‌ನ ಪಾಕಿಮ್ ಪಾಂಡ್ ಬಳಿಯ ಕ್ಯಾಬಿನ್‌ಗಳು. ಮೂರರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ, ಆದರೆ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟು, ಮಕ್ಕಳಿಗೆ ಮಾಡಲು ಕೆಲಸ ಕಡಿಮೆ. ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಕ್ಯಾಬಿನ್ ಸಿಗುತ್ತವೆ. ಸೌಕರ್ಯ ಹೆಚ್ಚು, ಗದ್ದಲವೂ ಹೆಚ್ಚು.

ಸ್ಟೇಟ್ ಪಾರ್ಕಿನ ಕ್ಯಾಬಿನ್ ಎಂದರೆ ಹೋಟೆಲ್ ಕೋಣೆಯಲ್ಲ. ಬಂಕ್ ಮಂಚ, ಹಾಸಿಗೆ, ಮೇಜು, ಒಲೆ ಇಷ್ಟು ಇರುತ್ತವೆ. ಹೊದಿಕೆ, ದಿಂಬು, ಪಾತ್ರೆ, ತಟ್ಟೆ, ಟವೆಲ್ ನೀವೇ ಒಯ್ಯಬೇಕು. ಮದ್ಯ ನಿಷಿದ್ಧ. ಸಾಕುನಾಯಿಗೆ ಕ್ಯಾಬಿನ್‌ನಲ್ಲಿ ಜಾಗವಿಲ್ಲ. ಶರತ್ಕಾಲದ ವಾರಾಂತ್ಯಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ. ಸಿಗಲಿಲ್ಲವೆಂದು ಕೈಬಿಡುವ ಮುನ್ನ ರಾಜ್ಯದ ಬುಕಿಂಗ್ ತಾಣವನ್ನು ಆಗಾಗ ತೆರೆದು ನೋಡಿ, ರದ್ದಾದ ದಿನಗಳು ಅಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಶುಕ್ರವಾರ ರಜೆ ಹಾಕಲು ಆಗದಿದ್ದರೆ ಭಾನುವಾರದಿಂದ ಮಂಗಳವಾರದವರೆಗೆ ಹುಡುಕಿ.

ಕಾರಿನ ಪ್ರಶ್ನೆಗೆ ಉತ್ತರ: ನಿಮ್ಮ ಸೆಡಾನ್ ಸಾಕು, ಡಾಂಬರು ಬಿಟ್ಟು ಇಳಿಯದಿದ್ದರೆ. ಕಾಡಿನೊಳಗೆ ನೂರಾರು ಮೈಲಿ ಮರಳಿನ ದಾರಿಗಳಿವೆ. ಸ್ಥಳೀಯರು 'ಸಕ್ಕರೆ ಮರಳು' ಎಂದು ಕರೆಯುವ ಬಿಳಿ ನುಣುಪು ಮರಳು ಇರುವಲ್ಲಿ ಚಕ್ರ ಒಮ್ಮೆ ತಿರುಗಿದರೆ ಒಂದು ಇಂಚು ಕೆಳಗಿಳಿಯುತ್ತದೆ, ಎರಡನೆಯ ಸಲಕ್ಕೆ ಇನ್ನೆರಡು, ಆಮೇಲೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಮಳೆಯ ನಂತರ ಮರಳು ಗಟ್ಟಿಯಾಗುತ್ತದೆ ನಿಜ. ಆದರೆ ಆಗ ದಾರಿಯ ಮಧ್ಯೆ ಕಂದು ನೀರಿನ ಹೊಂಡಗಳು ನಿಂತಿರುತ್ತವೆ, ಅವುಗಳ ಆಳ ಮೇಲಿನಿಂದ ಕಾಣುವುದಿಲ್ಲ. ಇಂಥ ಕಡೆ ಸಿಕ್ಕಿಬಿದ್ದರೆ ಮಾಮೂಲಿ ಟೋಯಿಂಗ್ ಗಾಡಿಯವರು ಬರಲು ಒಪ್ಪುವುದೇ ಕಷ್ಟ, ಒಪ್ಪಿದರೆ ಬಿಲ್ಲು ನೋಡಿ ನಿಮಗೇ ಕಷ್ಟ.

ಅಪಾಯ ಇರುವುದು ನಿಮ್ಮ ಸಾಹಸಬುದ್ಧಿಯಲ್ಲಲ್ಲ, ಫೋನಿನ ನಕ್ಷೆಯಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಆಟ್ಸಿಯಾನ್‌ನಿಂದ ಬ್ಯಾಟ್‌ಸ್ಟೊ ಗ್ರಾಮಕ್ಕೆ ಹೋಗಬೇಕು. ನಕ್ಷೆಯಲ್ಲಿ ಕ್ವೇಕರ್ ಬ್ರಿಜ್ ರೋಡ್ ಎಂಬ ದಾರಿ ಕಾಡನ್ನು ಸೀಳಿಕೊಂಡು ನೇರವಾಗಿ ಆ ಕಡೆಗೆ ಹೋಗುವಂತೆ ಕಾಣುತ್ತದೆ. ಹೆಸರಿನಲ್ಲಿ ರೋಡ್ ಇದೆಯೆಂದು ನಂಬಬೇಡಿ, ಅದು ಮರಳು ಮತ್ತು ಹೊಂಡಗಳ ದಾರಿ. ನೀವು 206ರಲ್ಲಿ ದಕ್ಷಿಣಕ್ಕೆ ಹ್ಯಾಮಂಟನ್ ಕಡೆಗೆ ಇಳಿದು, ಅಲ್ಲಿಂದ 542ನೇ ರಸ್ತೆಯಲ್ಲಿ ಪೂರ್ವಕ್ಕೆ ತಿರುಗಿ. ಸುತ್ತು ಅನ್ನಿಸಿದರೂ ಪೂರ್ತಿ ಡಾಂಬರು. ಹೊರಡುವ ಮುನ್ನ ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಒಳಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಾರ್ಟನ್‌ನಲ್ಲಿ ಮೋಟಾರು ವಾಹನಗಳಿಗೆ ತೆರೆದ ದಾರಿಗಳು ಯಾವುವು ಎಂದು ತೋರಿಸುವ ಅಧಿಕೃತ ನಕ್ಷೆಯೂ ಇದೆ, ಕಚೇರಿಯಲ್ಲಿ ಕೇಳಿ ನೋಡಿ. ಪೆಟ್ರೋಲನ್ನು ಕಾಡು ಸೇರುವ ಮುನ್ನವೇ ತುಂಬಿಸಿ. (ತುಂಬಿಸಿ ಎಂದೆ, ತುಂಬಿಕೊಳ್ಳಿ ಎನ್ನಲಿಲ್ಲ. ಗ್ರಾಹಕರು ತಾವೇ ಪೆಟ್ರೋಲ್ ಹಾಕಿಕೊಳ್ಳುವುದನ್ನು ಇಂದಿಗೂ ನಿಷೇಧಿಸಿರುವ ಏಕೈಕ ರಾಜ್ಯ ನಿಮ್ಮದು.)

ಅಕಸ್ಮಾತ್ ಚಕ್ರ ಹೂತಿತು ಎನ್ನಿ. ಆಕ್ಸಿಲರೇಟರ್ ಒತ್ತಬೇಡಿ. ಎಲ್ಲರನ್ನೂ ಇಳಿಸಿ, ಚಕ್ರದ ಮುಂದಿನ ಮರಳನ್ನು ಕೈಯಿಂದಲೋ ತಟ್ಟೆಯಿಂದಲೋ ತೆಗೆದು, ಕಾರಿನೊಳಗಿನ ಕಾಲೊರಸುಗಳನ್ನು ಚಕ್ರದಡಿಗೆ ತುರುಕಿ, ಬಂದ ದಾರಿಯಲ್ಲೇ ಹಿಂದಕ್ಕೆ ನಿಧಾನವಾಗಿ ತೆಗೆಯಿರಿ. ಮುಂದೆ ಗಟ್ಟಿ ನೆಲವಿರಬಹುದೆಂಬ ಆಸೆ ಬೇಡ, ಹಿಂದೆ ಇದೆ ಎಂಬುದಂತೂ ಗೊತ್ತಿದೆಯಲ್ಲ.

ಇನ್ನು ಬೆಂಕಿ. ಇಲ್ಲಿನ ಮುಖ್ಯ ಮರವಾದ ಪಿಚ್ ಪೈನ್ ಬೆಂಕಿಯ ಜೊತೆಗೇ ಬೆಳೆದುಬಂದ ಜಾತಿ. ದಪ್ಪ ತೊಗಟೆ, ಮೈತುಂಬ ರಾಳ. ಎಲ್ಲ ಸೂಜಿ ಸುಟ್ಟು ಕಪ್ಪಾದ ಕಾಂಡದಿಂದಲೇ ಕೆಲವು ವಾರಗಳಲ್ಲಿ ಹಸಿರು ಚಿಗುರು ಒಡೆಯುತ್ತದೆ. ಕೆಲವು ಮರಗಳ ಕಾಯಿಗಳು ರಾಳದಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಬಿಸಿ ತಾಗಿದ ಮೇಲೆಯೇ ಬಿರಿದು ಬೀಜ ಚೆಲ್ಲುತ್ತವೆ. ಕಾಡಿಗೆ ಬೆಂಕಿ ಹೊಸದಲ್ಲ, ಕಾಡಿನೊಳಗೆ ಮಲಗಿರುವ ನಮಗೆ ಹೊಸದು. ನ್ಯೂಜೆರ್ಸಿಯ ಅರಣ್ಯ ಅಗ್ನಿಶಾಮಕ ಸೇವೆ 1906ರಿಂದ ಕೆಲಸ ಮಾಡುತ್ತಿದೆ. ಚಳಿಗಾಲದಲ್ಲಿ ಅವರೇ ತರಗಿಗೆ ಬೆಂಕಿಯಿಟ್ಟು ಹತೋಟಿಯಲ್ಲಿ ಸುಡುತ್ತಾರೆ, ನೆಲ ಕಪ್ಪಾಗಿದ್ದು ಮರಗಳು ಹಸಿರಾಗಿದ್ದರೆ ಅದು ಅವರ ಕೆಲಸ ಎಂದು ಮಕ್ಕಳಿಗೆ ತೋರಿಸಬಹುದು.

ನಿಮಗೆ ಬೇಕಾದದ್ದು ಅವರ ನಿರ್ಬಂಧದ ಹಂತಗಳು. ಮೊದಲ ಹಂತದಲ್ಲಿ ಕಲ್ಲು, ಇಟ್ಟಿಗೆ, ಉಕ್ಕಿನಿಂದ ಕಟ್ಟಿದ ಬೆಂಕಿಗೂಡಿನೊಳಗೆ ಮಾತ್ರ ಬೆಂಕಿಗೆ ಅವಕಾಶ. ಅತ್ಯಂತ ಬಿಗಿಯಾದ ಹಂತದಲ್ಲಿ ಕಟ್ಟಿಗೆ, ಇದ್ದಿಲು ಎರಡೂ ಬಂದ್, ನೆಲದಿಂದ ಎತ್ತರಿಸಿಟ್ಟ ಗ್ಯಾಸ್ ಅಥವಾ ವಿದ್ಯುತ್ ಒಲೆಗಷ್ಟೇ ಅನುಮತಿ. ಈ ಹಂತ ದಿನದಿಂದ ದಿನಕ್ಕೆ ಬದಲಾಗಬಹುದು, ಹೊರಡುವ ದಿನ ಬೆಳಿಗ್ಗೆ ನೋಡಿ. ಎರಡು ದಿನದ ಊಟದಲ್ಲಿ ಕನಿಷ್ಠ ಒಂದು ಹೊತ್ತಿನದಾದರೂ ಬೆಂಕಿಯೇ ಬೇಡದಂಥದ್ದಾಗಿರಲಿ.

ಅನುಮತಿ ಇದ್ದಾಗಲೂ ಕಟ್ಟಿಗೆಯನ್ನು ಮನೆಯಿಂದ ಒಯ್ಯಬೇಡಿ, ಅದರ ತೊಗಟೆಯಲ್ಲಿ ಮರಗಳನ್ನು ಹಾಳುಗೆಡವುವ ಕೀಟಗಳಾದ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈಯ ಮೊಟ್ಟೆಗಳು, ಎಮರಾಲ್ಡ್ ಆ್ಯಶ್ ಬೋರರ್‌ನ ಮರಿಗಳು ಸವಾರಿ ಮಾಡುತ್ತವೆ. ಕಾಡಿನ ಹತ್ತಿರದಲ್ಲೇ ಓಕ್ ಕಟ್ಟಿಗೆ ಕೊಳ್ಳಿ. ಪೈನ್ ಕಟ್ಟಿಗೆ ಸಿಡಿಯುತ್ತದೆ, ಅದರ ರಾಳದ ಮಸಿ ಅಡುಗೆಗೆ ಹತ್ತುತ್ತದೆ.

ಆರಿಸುವ ವಿಷಯದಲ್ಲಿ ನಾನು ಹಟಮಾರಿ. ಸುತ್ತ ಇಷ್ಟೊಂದು ಮರಳಿರುವಾಗ ಕೆಂಡದ ಮೇಲೆ ನಾಲ್ಕು ಸಲಿಕೆ ಮರಳು ಎಳೆದು ಮಲಗಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ಆರಿಸುವುದಲ್ಲ, ಬಚ್ಚಿಡುವುದು. ಮರಳಿನಡಿ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಬೆಳಿಗ್ಗೆ ಬರಿಗಾಲಿನಲ್ಲಿ ಓಡಿಬರುವ ಮಗುವಿಗೆ ಅದು ಬರೀ ನೆಲದಂತೆ ಕಾಣುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೆಳಗೆ ಒಣಗಿದ ಬೇರಿಗೋ ಹಳೆಯ ತರಗಿನ ಪದರಕ್ಕೋ ಬಿಸಿ ತಾಗಿದರೆ ಬೆಂಕಿ ಒಳಗೊಳಗೇ ಹರಿದು ನೀವು ಹೊರಟುಹೋದ ಮೇಲೆ ಇನ್ನೆಲ್ಲೋ ತಲೆಯೆತ್ತಬಹುದು. ಸರಿಯಾದ ಕ್ರಮ ಹೀಗೆ: ಮಲಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ. ದೊಡ್ಡ ಕೊಳ್ಳಿಗಳನ್ನು ಬಿಡಿಸಿ ಹರಡಿ. ಒಂದು ಬಕೆಟ್ ನೀರನ್ನು ಒಂದೇ ಕಡೆ ಸುರಿಯದೆ ಅಂಚಿನಿಂದ ಮಧ್ಯಕ್ಕೆ ಸುತ್ತಾಗಿ ಹಾಕಿ. ಕೋಲಿನಿಂದ ಬೂದಿಯನ್ನು ತಳದವರೆಗೂ ಕಲಕಿ. ಮತ್ತೊಂದು ಬಕೆಟ್. ಚುಂಯ್ ಎನ್ನುವ ಸದ್ದು ನಿಲ್ಲುವವರೆಗೆ ಇದೇ ಕೆಲಸ. ಕೊನೆಗೆ ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ, ಬಿಸಿ ತಟ್ಟದಿದ್ದರೆ ಒದ್ದೆ ಬೂದಿಯನ್ನು ಮುಟ್ಟಿ ನೋಡಿ. ಮುಟ್ಟಲು ಹಿಂಜರಿಕೆಯಾದರೆ ಇನ್ನೂ ಆರಿಲ್ಲ ಎಂದೇ ಅರ್ಥ. ಬಕೆಟ್ ಎರಡು ಬೇಕು, ಅವುಗಳನ್ನು ಬೆಂಕಿ ಹೊತ್ತಿಸುವ ಮೊದಲೇ ತುಂಬಿಸಿಡಬೇಕು. 2022ರ ಜೂನ್‌ನಲ್ಲಿ ವಾರ್ಟನ್‌ನೊಳಗೆ ಸುಮಾರು 13,500 ಎಕರೆ ಸುಟ್ಟ ಮಲ್ಲಿಕಾ ನದಿಯ ಬೆಂಕಿಗೆ ಅಕ್ರಮವಾಗಿ ಹೊತ್ತಿಸಿದ ಶಿಬಿರಾಗ್ನಿಯೇ ಕಾರಣವಿರಬಹುದೆಂದು ಅಧಿಕಾರಿಗಳು ಶಂಕಿಸಿದ್ದರು.

ಅತ್ತೆಯವರಿಗೆ ಕಾಳ್ಗಿಚ್ಚಿನ ಬಗ್ಗೆ ಏನು ಹೇಳುವುದೆಂದು ಕೇಳಿದ್ದೀರಿ. ಹೀಗೆ ಹೇಳಿ: ನಾವಿರುವುದು ಡಾಂಬರು ರಸ್ತೆಯ ಪಕ್ಕ, ಕಾರಿನ ಮೂತಿ ಹೊರಗಿನ ದಾರಿಯ ಕಡೆಗೇ ಇರುತ್ತದೆ, ಕೀಲಿ ಬಾಗಿಲ ಬಳಿಯ ಮೊಳೆಗೆ. ಹೊಗೆಯ ವಾಸನೆ ಬಂದು, ಅದು ನಮ್ಮ ಒಲೆಯದ್ದಲ್ಲ ಎಂದು ಖಚಿತವಾದರೆ ಸಾಮಾನು ಕಟ್ಟುತ್ತಾ ನಿಲ್ಲುವುದಿಲ್ಲ, ಔಷಧಿ ಚೀಲ ಹಿಡಿದು ಹೊರಡುತ್ತೇವೆ. ಸಿಬ್ಬಂದಿ ಬಂದು ಹೊರಡಿ ಎಂದರೆ ಕಾರಣ ಕೇಳದೆ ಹೊರಡುತ್ತೇವೆ. ಇಷ್ಟು ಯೋಜನೆ ಇದ್ದರೆ ಭಯಕ್ಕೆ ಹೆಚ್ಚು ಕೆಲಸವಿಲ್ಲ.

ಉಣುಗಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಧೈರ್ಯ ಹೇಳುವುದಿಲ್ಲ. ಈ ಕಾಡಿನಲ್ಲಿ ಎರಡು ಜಾತಿ ಮುಖ್ಯ. ಕಪ್ಪುಕಾಲಿನದು ಲೈಮ್ ಕಾಯಿಲೆ ಹರಡುತ್ತದೆ. ಬೆನ್ನ ಮೇಲೆ ಬಿಳಿ ಚುಕ್ಕೆಯ 'ಲೋನ್ ಸ್ಟಾರ್' ಕಚ್ಚಿದ ಕೆಲವರಿಗೆ ಆಮೇಲೆ ಕೆಂಪು ಮಾಂಸ ತಿಂದರೆ ಅಲರ್ಜಿಯಾಗುತ್ತದೆ. ಮೇಯಿಂದ ಜುಲೈವರೆಗೆ ಕಪ್ಪುಕಾಲಿನ ಮರಿಗಳು, ಬೇಸಿಗೆಯ ಕೊನೆಯಲ್ಲಿ ಲೋನ್ ಸ್ಟಾರ್‌ನ ಗುಂಪುಗುಂಪು ಮರಿಗಳು, ಅಕ್ಟೋಬರ್‌ನಲ್ಲಿ ಕಪ್ಪುಕಾಲಿನ ದೊಡ್ಡವು, ಹೀಗೆ ಸರದಿ ಬದಲಾಗುತ್ತದೆಯೇ ಹೊರತು ರಜೆ ಇಲ್ಲ. ಹೊರಡುವ ಹಿಂದಿನ ದಿನ ಎಲ್ಲರ ಪ್ಯಾಂಟು, ಕಾಲುಚೀಲ, ಶೂಗಳಿಗೆ 0.5 ಶೇಕಡ ಪರ್ಮೆಥ್ರಿನ್ ದ್ರಾವಣವನ್ನು ಮನೆಯ ಹೊರಗೆ ಸಿಂಪಡಿಸಿ ಒಣಗಿಸಿ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಯಲ್ಲಿ ಬೆಕ್ಕಿದ್ದರೆ ದೂರವಿಡಿ, ಹಸಿ ದ್ರಾವಣ ಅದಕ್ಕೆ ವಿಷ. ಚರ್ಮಕ್ಕೆ ಡೀಟ್ ಅಥವಾ ಪಿಕಾರಿಡಿನ್ ಇರುವ ಲೇಪನ ಬೇರೆ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಲು 11 ವರ್ಷದವರು ನಾಚಿಕೊಳ್ಳುತ್ತಾರೆ, ನೀವು ಮೊದಲು ಸೇರಿಸಿಕೊಳ್ಳಿ. ದಾರಿಯ ಮಧ್ಯದ ಬೋಳು ಮರಳಿನಲ್ಲಿ ನಡೆಯಿರಿ, ಉಣುಗು ಕಾಯುವುದು ಅಂಚಿನ ಹುಲ್ಲು, ಪೊದೆಗಳಲ್ಲಿ. ಬಿದ್ದ ಮರದ ಮೇಲೆ ಕೂರಬೇಡಿ.

ಪ್ರತಿ ಸಂಜೆ ಮೈ ನೋಡಿಕೊಳ್ಳುವುದು ಸ್ನಾನದಷ್ಟೇ ಕಡ್ಡಾಯ: ಮಂಡಿಯ ಹಿಂಭಾಗ, ಸೊಂಟಪಟ್ಟಿಯ ಸುತ್ತ, ಕಂಕುಳು, ಕಿವಿಯ ಹಿಂದೆ, ತಲೆಗೂದಲು. ಕಚ್ಚಿ ಕುಳಿತಿದ್ದರೆ ಎಣ್ಣೆ ಹಚ್ಚುವುದು, ಕಡ್ಡಿ ಗೀರಿ ಬಿಸಿ ಮುಟ್ಟಿಸುವುದು ಬೇಡ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ಒಂದೇ ಸಮನೆ ನೇರವಾಗಿ ಎಳೆಯಿರಿ. ಲೈಮ್ ಕಾಯಿಲೆ ದಾಟಲು ಸಾಮಾನ್ಯವಾಗಿ ಅದು 24 ಗಂಟೆಗಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು, ಹಾಗಾಗಿ ಸಂಜೆಯ ತಪಾಸಣೆಯೇ ದೊಡ್ಡ ರಕ್ಷಣೆ. ಸಣ್ಣ ಮರಿಗಳ ಗುಂಪು ಪ್ಯಾಂಟಿಗೆ ಹತ್ತಿದ್ದರೆ ಅಂಟುಟೇಪು ಒತ್ತಿ ಎತ್ತಿ. ಮನೆಗೆ ಬಂದ ಮೇಲೆ ಬಟ್ಟೆಗಳನ್ನು ಒಗೆಯುವ ಮೊದಲೇ ಡ್ರೈಯರ್‌ನ ಹೆಚ್ಚಿನ ಶಾಖದಲ್ಲಿ ಹತ್ತು ನಿಮಿಷ ತಿರುಗಿಸಿ. ಎರಡು-ಮೂರು ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಮಚ್ಚೆಯೋ ಕಂಡರೆ, ಉಣುಗಿನ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಹೇಳಿ.

ಹಾವು: ಇಲ್ಲಿನ ವಿಷದ ಹಾವು ಒಂದೇ, ಟಿಂಬರ್ ರ‍್ಯಾಟಲ್‌ಸ್ನೇಕ್. ರಾಜ್ಯದಲ್ಲಿ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಕಾಣಸಿಕ್ಕರೆ ಅಪರೂಪ. ಸಿಕ್ಕರೆ ದೂರ ಸರಿದು ದಾರಿ ಬಿಡಿ, ಕೊಲ್ಲುವುದು ಅಪರಾಧ. ಪೈನ್ ಹಾವು ಜೋರಾಗಿ ಬುಸುಗುಟ್ಟಿ ಹೆದರಿಸುತ್ತದೆ, ವಿಷವಿಲ್ಲ. ತೆರೆದ ಮರಳಿನಲ್ಲಿ ತಾನೇ ಬಿಲ ತೋಡಿ ಮೊಟ್ಟೆಯಿಡುವ ಜೀವಿ ಅದು. ಕರಡಿಗಳು ಹೆಚ್ಚಾಗಿರುವುದು ನೀವು ಈಗ ವಾಸವಾಗಿರುವ ಉತ್ತರ ಭಾಗದಲ್ಲಿ. ಈ ಮಾತು ಅತ್ತೆಯವರಿಗೆ ಸಮಾಧಾನ ತರುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ. ರಕೂನ್‌ಗಳು ಮಾತ್ರ ಖಂಡಿತ ಬರುತ್ತವೆ, ಆಹಾರವನ್ನು ಹೊರಗಿನ ಮೇಜಿನ ಮೇಲೆ ಬಿಡಬೇಡಿ. ಮಕ್ಕಳಿಗೆ ಹೆದರಲು ಏನಾದರೂ ಬೇಕಿದ್ದರೆ ಜೆರ್ಸಿ ಡೆವಿಲ್ ಇದೆ: ಲೀಡ್ಸ್ ಮನೆತನದ ತಾಯಿಯೊಬ್ಬಳ ಹದಿಮೂರನೆಯ ಕೂಸು 1735ರಲ್ಲಿ ರೆಕ್ಕೆ, ಗೊರಸು ಹೊತ್ತು ಹುಟ್ಟಿ ಚಿಮಣಿಯಿಂದ ಹಾರಿಹೋಯಿತಂತೆ. ನ್ಯೂಜೆರ್ಸಿ ಡೆವಿಲ್ಸ್ ಎಂಬ ಐಸ್ ಹಾಕಿ ತಂಡಕ್ಕೆ ಹೆಸರು ಬಂದದ್ದು ಇದರಿಂದಲೇ. 6 ವರ್ಷದವರಿಗೆ ಈ ಕಥೆ ಹಗಲಿನಲ್ಲಿ ಹೇಳಿ. ಶರತ್ಕಾಲ ಬೇಟೆಯ ಕಾಲವೂ ಹೌದು, ನಡೆಯಲು ಹೋಗುವಾಗ ಗಾಢ ಕಿತ್ತಳೆ ಬಣ್ಣದ ಟೋಪಿ ಅಥವಾ ಅಂಗಿ ಇರಲಿ.

ಎರಡು ದಿನಕ್ಕೆ ಏನು ನೋಡಬೇಕು? ಬ್ಯಾಟ್‌ಸ್ಟೊಗೆ ಅರ್ಧ ದಿನ ಕೊಡಿ. ಇಲ್ಲಿನ ಹೊಳೆಗಳ ನೀರು ಹಾಲು ಹಾಕದ ಚಹಾದ ಬಣ್ಣದ್ದು. ಕೊಳಕಲ್ಲ, ಸೀಡರ್ ಮರಗಳ ಮತ್ತು ಕೊಳೆತ ಎಲೆಗಳ ಟ್ಯಾನಿನ್ ಹಾಗೂ ಕರಗಿದ ಕಬ್ಬಿಣದಿಂದ ಬಂದ ಬಣ್ಣ. ಮರಳಿನೊಳಗಿಂದ ಬರುವ ಆಮ್ಲೀಯ ನೀರು ಕಬ್ಬಿಣವನ್ನು ಹೊತ್ತು ತರುತ್ತದೆ, ಗಾಳಿ ತಾಗಿದಾಗ ಅದು ತುಕ್ಕಾಗಿ ದಂಡೆಯಲ್ಲಿ ಶೇಖರವಾಗಿ ಅದಿರಾಗುತ್ತದೆ. ಆ ಅದಿರನ್ನು ನಂಬಿ 1766ರಲ್ಲಿ ಬ್ಯಾಟ್‌ಸ್ಟೊದಲ್ಲಿ ಕಬ್ಬಿಣದ ಕುಲುಮೆ ಹುಟ್ಟಿತು, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನೆಗೆ ಸಾಮಗ್ರಿ ಒದಗಿಸಿತು, ಮುಂದೆ ಗಾಜಿನ ಊರಾಯಿತು. ಇಷ್ಟು ಗೊತ್ತಿದ್ದರೆ ಸುಮ್ಮನೆ ಹಳೆಯ ಮನೆಗಳಂತೆ ಕಾಣುವ ಜಾಗ 11 ವರ್ಷದವರಿಗೂ ರುಚಿಸುತ್ತದೆ. ದಾರಿಗಳು ಸಮತಟ್ಟಾಗಿವೆ, ಅತ್ತೆಯವರೂ ಆರಾಮವಾಗಿ ಸುತ್ತಬಹುದು.

ಎರಡನೆಯ ದಿನ ಕಾರಿನಲ್ಲಿ. ವೈಟ್ಸ್‌ಬಾಗ್ ಗ್ರಾಮದಲ್ಲಿ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಕಾಡು ಬ್ಲೂಬೆರಿಯನ್ನು ಪಳಗಿಸಿ 1916ರಲ್ಲಿ ಮೊದಲ ಬೆಳೆಯನ್ನು ಮಾರುಕಟ್ಟೆಗೆ ತಂದರು. ಇಂದು ಅಂಗಡಿಯಲ್ಲಿ ಸಿಗುವ ಬ್ಲೂಬೆರಿಯ ಊರು ಅದೇ. ಚಾಟ್ಸ್‌ವರ್ತ್ ಸುತ್ತಮುತ್ತ ಅಕ್ಟೋಬರ್‌ನಲ್ಲಿ ಕ್ರ್ಯಾನ್‌ಬೆರಿ ಗದ್ದೆಗೆ ನೀರು ತುಂಬಿಸಿ ಕೊಯ್ಯುತ್ತಾರೆ, ರಸ್ತೆ ಬದಿಯಿಂದ ನೋಡಿ, ಅನುಮತಿಯಿಲ್ಲದೆ ಬದುವಿಗೆ ಇಳಿಯಬೇಡಿ. 539ನೇ ರಸ್ತೆಯ ಬದಿಯ ವೆಬ್ಸ್ ಮಿಲ್ ಜೌಗಿನಲ್ಲಿ ಹಲಗೆಯ ಕಾಲುದಾರಿ ಇದೆ, ಕೀಟ ಹಿಡಿದು ತಿನ್ನುವ ಹೂಜಿ ಗಿಡ, ಸನ್‌ಡ್ಯೂಗಳನ್ನು ಬಗ್ಗಿ ನೋಡಬಹುದು. ಅದೇ ರಸ್ತೆಯಲ್ಲಿ ಮುಂದೆ ಕುಳ್ಳ ಪೈನ್‌ಗಳ ಬಯಲು ಬರುತ್ತದೆ. ಮತ್ತೆಮತ್ತೆ ಬೆಂಕಿ ಕಂಡು ಆಳೆತ್ತರಕ್ಕೇ ನಿಂತ ಮರಗಳು, ನಿಮ್ಮ ಮಗ ಅಥವಾ ಮಗಳು ಕಾಡಿನ ತುದಿಯನ್ನು ಕೈಯಿಂದ ಮುಟ್ಟಬಹುದು. ಆ್ಯಪಲ್ ಪೈ ಹಿಲ್‌ನ ಕಾವಲು ಗೋಪುರವನ್ನು ಎಲ್ಲರೂ ಹೇಳುತ್ತಾರೆ, ನಾನು ನಿಮಗೆ ಹೇಳುವುದಿಲ್ಲ: ದಾರಿ ಮರಳಿನದು, ಗೋಪುರ ತೆರೆದಿರುವುದು ಕಾವಲುಗಾರರು ಇದ್ದಾಗ ಮಾತ್ರ. ಮಕ್ಕಳ ಕಾಲು ಚುರುಕಾಗಿದ್ದರೆ ಗುಲಾಬಿ ಗುರುತಿನ ಬಟೋನಾ ಕಾಲುದಾರಿಯಲ್ಲಿ ಬ್ಯಾಟ್‌ಸ್ಟೊದಿಂದ ಒಂದು ಮೈಲಿ ಹೋಗಿ ಬನ್ನಿ. 50 ಮೈಲಿಗೂ ಹೆಚ್ಚು ಉದ್ದದ ದಾರಿ ಅದು, ಆದರೆ ಮರಳಿನಲ್ಲಿ ಒಂದು ಮೈಲಿ ನಡೆದರೆ ಒಂದೂವರೆ ನಡೆದಷ್ಟು ಸುಸ್ತು.

ಇನ್ನು ಅತ್ತೆಯವರ ಅನುಕೂಲಕ್ಕೆ ನಾಲ್ಕು ಮಾತು. ಕಾದಿರಿಸುವ ಮುನ್ನ ಕಾಡಿನ ಕಚೇರಿಗೆ ಫೋನ್ ಮಾಡಿ, ನೀವು ಆರಿಸಿದ ಕ್ಯಾಬಿನ್‌ನ ಶೌಚಾಲಯ, ಸ್ನಾನದ ವ್ಯವಸ್ಥೆ ಒಳಗಿದೆಯೇ ಹೊರಗಿದೆಯೇ, ಬಾಗಿಲಿಗೆ ಎಷ್ಟು ಮೆಟ್ಟಿಲು, ವಿದ್ಯುತ್ ಇದೆಯೇ ಎಂದು ಕೇಳಿ. ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಇದು ಬದಲಾಗುತ್ತದೆ, ಅಂತರ್ಜಾಲದ ಚಿತ್ರ ನಂಬಬೇಡಿ. ಶೌಚಾಲಯ ಹೊರಗಿದ್ದರೆ ಅವರ ತಲೆಗೆ ಕಟ್ಟುವ ಟಾರ್ಚ್ ಒಂದು ಬೇಕೇ ಬೇಕು. ಕೆಳಗಿನ ಬಂಕ್ ಅವರಿಗೆ. ತೆಳು ಕಾಲುಗಳ ಮಡಚುವ ಕುರ್ಚಿ ಮರಳಿನಲ್ಲಿ ಒಂದು ಬದಿಗೆ ಹೂತು ಪಲ್ಟಿಯಾಗುತ್ತದೆ, ಅಡ್ಡಪಟ್ಟಿಯ ಕಾಲಿರುವ ಕುರ್ಚಿ ಒಯ್ಯಿರಿ, ಇಲ್ಲವಾದರೆ ಕೆಳಗೆ ಹಲಗೆ ಹಾಕಿ. ಊರುಗೋಲು ಬಳಸುತ್ತಿದ್ದರೆ ತುದಿಗೆ ಅಗಲವಾದ ರಬ್ಬರ್ ಬಿಲ್ಲೆ ಸಿಕ್ಕಿಸಿ. ಬಾಗಿಲ ಹೊರಗೆ ಒಂದು ಒರಟು ಕಾಲೊರಸು, ಒಳಗೆ ಒಂದು ಪೊರಕೆ, ಶೂ ಬಿಡಲು ಒಂದು ಅಗಲದ ಡಬ್ಬ ಇಷ್ಟಿದ್ದರೆ ಹಾಸಿಗೆಗೆ ಮರಳು ಬರುವುದು ಅರ್ಧಕ್ಕೆ ಇಳಿಯುತ್ತದೆ. ಉಳಿದರ್ಧ 6 ವರ್ಷದವರ ಜೇಬಿನಲ್ಲಿ ಬಂದೇ ಬರುತ್ತದೆ.